ನೇಮಕದ ನಿಯಮ ಯಾವ ಪುಸ್ತಕದಲ್ಲಿರಬೇಕು?

ಸಂವಿಧಾನದ ಮಾತು ಬಂದಾಗ ನಮ್ಮ ಸಭೆಗಳಲ್ಲಿ ಮೀಸಲಾತಿ, ಭೂಮಿ, ಅಸ್ಪೃಶ್ಯತೆ ಇವು ತಟ್ಟನೆ ಮುಂದೆ ಬರುತ್ತವೆ. ಬರಬೇಕಾದ್ದೇ. ಆದರೆ ದೊಡ್ಡ ಕುರ್ಚಿಗಳ ಮೇಲೆ ಯಾರು ಯಾರನ್ನು ಹೇಗೆ ಕೂರಿಸುತ್ತಾರೆ ಅನ್ನೋ ಪ್ರಶ್ನೆ ಎದ್ದರೆ, 'ಅದು ವಕೀಲರ ಸಮಾಚಾರ, ನಮಗ್ಯಾಕೆ' ಅಂತ ಸುಮ್ಮನಾಗುವವರೇ ಹೆಚ್ಚು. ಆಳುವ ವರ್ಗಕ್ಕೆ ಈ ಮೌನಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಮತ ಎಣಿಸುವವನು ಯಾರು, ಲೆಕ್ಕ ಕೇಳುವವನು ಯಾರು, ದೌರ್ಜನ್ಯದ ದೂರು ಓದುವವನು ಯಾರು ಅನ್ನೋದು ತೀರ್ಮಾನವಾಗೋದು ಅಲ್ಲೇ.

ಪ್ರಶ್ನೆ ಇದು: ರಾಷ್ಟ್ರಪತಿ ಮಾಡುವ ನೇಮಕಗಳ ನಿಯಮ ಸಂವಿಧಾನದಲ್ಲೇ ಬರೆದಿರಬೇಕೋ? ಇಲ್ಲಾ, ಅವತ್ತಿನ ಬಹುಮತ ಮಾಡುವ, ನಾಳೆಯ ಬಹುಮತ ಅಳಿಸುವ ಸಾಮಾನ್ಯ ಕಾಯಿದೆಗೆ ಅದನ್ನು ಬಿಟ್ಟುಕೊಟ್ಟರೆ ಸಾಕೋ? ನೋಡೋಕೆ ಇದು ಪುಸ್ತಕ ಬದಲಾಯಿಸುವ ಪ್ರಶ್ನೆ. ಆದರೆ ಇದು ನೀತಿಯ ಪ್ರಶ್ನೆ. ಬೆಣ್ಣೆಯ ಗಡಿಗೆಯನ್ನು ನೆಲುವಿನ ಮೇಲೆ ಇಡುವುದು ಬೆಕ್ಕಿಗೆ ಸಿಗದಿರಲಿ ಅಂತ. ನೆಲುವು ಎಷ್ಟು ಎತ್ತರ ಇರಬೇಕು ಅಂತ ಬೆಕ್ಕನ್ನೇ ಕೇಳಿ ಕಟ್ಟಿದರೆ?

1

ಮೊದಲು 'ರಾಷ್ಟ್ರಪತಿ ನೇಮಿಸುತ್ತಾರೆ' ಅನ್ನೋ ಮಾತಿನ ಸಿಪ್ಪೆ ಸುಲಿಯಬೇಕು. ಸಂವಿಧಾನದ 124ನೇ ವಿಧಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು, 148ರಲ್ಲಿ ಮಹಾಲೇಖಪಾಲರು, 324ರಲ್ಲಿ ಚುನಾವಣಾ ಆಯುಕ್ತರು, 338ರಲ್ಲಿ ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗದವರು - ಎಲ್ಲರನ್ನೂ ನೇಮಿಸುವವರು ರಾಷ್ಟ್ರಪತಿಯೇ. ಆದರೆ 74ನೇ ವಿಧಿಯ ಪ್ರಕಾರ ರಾಷ್ಟ್ರಪತಿ ನಡೆಯಬೇಕಾದ್ದು ಮಂತ್ರಿಮಂಡಲದ ಸಲಹೆಯಂತೆ. 1976ರ 42ನೇ ತಿದ್ದುಪಡಿ ಇದನ್ನು ಕಡ್ಡಾಯವೆಂದೇ ಬರೆಯಿತು. 'ಒಂದು ಸಲ ಮರುಪರಿಶೀಲಿಸಿ' ಅಂತ ವಾಪಸ್ಸು ಕಳಿಸುವ ಅವಕಾಶ ಬಂದದ್ದು 44ನೇ ತಿದ್ದುಪಡಿಯಿಂದ. ಅಂದರೆ ಮೊಹರು ರಾಷ್ಟ್ರಪತಿಯದು, ಮೊಹರು ಒತ್ತುವ ಕೈ ಸರ್ಕಾರದ್ದು. ಬೇರೆ ನಿಯಮ ಇಲ್ಲದ ಕಡೆ 'ರಾಷ್ಟ್ರಪತಿ ನೇಮಿಸುತ್ತಾರೆ' ಅಂದರೆ ಪ್ರಧಾನಮಂತ್ರಿಯ ಕಚೇರಿ ನೇಮಿಸುತ್ತದೆ ಅಂತಲೇ ಅರ್ಥ.

ಚುನಾವಣಾ ಆಯೋಗವನ್ನೇ ನೋಡಿ. ಮುಖ್ಯ ಆಯುಕ್ತರನ್ನು ತೆಗೆಯಬೇಕಾದರೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಷ್ಟದ ದಾರಿ ಹಿಡಿಯಬೇಕು ಅಂತ 324ನೇ ವಿಧಿ ಹೇಳುತ್ತದೆ. ಆದರೆ ಅವರನ್ನು ಆರಿಸುವುದು ಹೇಗೆ? 'ಪಾರ್ಲಿಮೆಂಟು ಕಾನೂನು ಮಾಡಿದರೆ ಅದಕ್ಕೆ ಒಳಪಟ್ಟು ರಾಷ್ಟ್ರಪತಿ ನೇಮಿಸತಕ್ಕದ್ದು' - ಇಷ್ಟೇ. ಹೊರಗೆ ಹಾಕುವ ಬಾಗಿಲಿಗೆ ಭದ್ರವಾದ ಬೀಗ, ಒಳಗೆ ಬಿಡುವ ಬಾಗಿಲಿಗೆ ಅಗುಳಿಯೂ ಇಲ್ಲ. ಉಳಿದ ಆಯುಕ್ತರಿಗಂತೂ ಹೊರಗಿನ ಬೀಗವೂ ಸಡಿಲ. 1989ರ ಅಕ್ಟೋಬರಿನಲ್ಲಿ, ಲೋಕಸಭೆ ಚುನಾವಣೆ ಹೊಸ್ತಿಲಲ್ಲಿದ್ದಾಗ, ಇಬ್ಬರು ಹೊಸ ಆಯುಕ್ತರನ್ನು ನೇಮಿಸಲಾಯಿತು. ಸರ್ಕಾರ ಬದಲಾಯಿತು. 1990ರ ಜನವರಿ 1ರಂದು ಆ ಎರಡು ಹುದ್ದೆಗಳೇ ಮಾಯವಾದವು. ಕೂರಿಸಿದ್ದೂ ಒಂದು ಅಧಿಸೂಚನೆ, ಎಬ್ಬಿಸಿದ್ದೂ ಒಂದು ಅಧಿಸೂಚನೆ. ಎರಡು ಬೇರೆ ಬೇರೆ ಪಕ್ಷದ ಸರ್ಕಾರಗಳು ಒಂದೇ ಬಾಗಿಲನ್ನು ಬಳಸಿಕೊಂಡವು ಅನ್ನೋದನ್ನು ನೆನಪಿಡಬೇಕು. ಇದು ಒಂದು ಪಕ್ಷದ ದುಷ್ಟತನದ ಕಥೆಯಲ್ಲ. ಬಾಗಿಲು ತೆರೆದಿದ್ದರೆ ನುಗ್ಗದವರು ಅಪರೂಪ.

2

ಬಾಬಾಸಾಹೇಬರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟು ಮಾತಾಡಿದಾಗ ಅವರು ಉತ್ತರ ಕೊಟ್ಟದ್ದು ಇಂಥದ್ದೇ ಒಂದು ಆಕ್ಷೇಪಣೆಗೆ. ಆಡಳಿತದ ಸಣ್ಣಪುಟ್ಟ ವಿವರಗಳನ್ನೆಲ್ಲ ಸಂವಿಧಾನದೊಳಗೆ ಯಾಕೆ ತುಂಬಿದಿರಿ, ಅವನ್ನು ಶಾಸನಸಭೆಗಳಿಗೆ ಬಿಡಬಾರದಿತ್ತೇ ಅಂತ ಹಲವರು ಟೀಕಿಸಿದ್ದರು. ಅಂಬೇಡ್ಕರರ ಉತ್ತರದ ತಿರುಳು ಇದು: ಸಂವಿಧಾನದ ಒಂದಕ್ಷರವನ್ನೂ ಮುಟ್ಟದೆ, ಬರೀ ಆಡಳಿತದ ರೂಪವನ್ನು ಬದಲಿಸಿ ಅದರ ಆತ್ಮವನ್ನು ಕೆಡಿಸಿಬಿಡಬಹುದು. ವಿವರಗಳನ್ನು ಶಾಸನಸಭೆಗೆ ಬಿಡುವ ಧೈರ್ಯ ಮಾಡಬಹುದಾದದ್ದು ಜನರಲ್ಲಿ ಸಾಂವಿಧಾನಿಕ ನೈತಿಕತೆ ರಕ್ತಗತವಾಗಿರುವ ದೇಶದಲ್ಲಿ ಮಾತ್ರ. ನಮ್ಮಲ್ಲಿ ಅದು ಹುಟ್ಟುಗುಣವಲ್ಲ, ಬೆಳೆಸಿಕೊಳ್ಳಬೇಕಾದ ಗುಣ. ಭಾರತದ ನೆಲ ಮೂಲತಃ ಪ್ರಜಾಪ್ರಭುತ್ವಕ್ಕೆ ಒಗ್ಗದ ನೆಲ, ಪ್ರಜಾಪ್ರಭುತ್ವ ಅದರ ಮೇಲೆ ಹರಡಿದ ತೆಳುವಾದ ಮಣ್ಣು ಮಾತ್ರ.

ಈ ಮಾತು ಪುಸ್ತಕದಿಂದ ಹುಟ್ಟಿದ್ದಲ್ಲ, ಕೇರಿಯ ಅನುಭವದಿಂದ ಹುಟ್ಟಿದ್ದು. ಬಹುಸಂಖ್ಯಾತರ ಒಳ್ಳೆಯತನವನ್ನು ನಂಬಿ ಕೂತವನ ಗತಿ ಏನಾಗುತ್ತದೆ ಅಂತ ಕೇರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ.

ಅದೇ ಅಂಬೇಡ್ಕರರು 1949ರ ಜೂನ್ 16ರಂದು ಚುನಾವಣಾ ಆಯೋಗದ ವಿಧಿಗೆ ಬಂದಾಗ, ನೇಮಕದ ವಿಷಯ ತಮಗೆ ತಲೆನೋವಾಗಿದೆ ಅಂತ ಸಭೆಯಲ್ಲೇ ಹೇಳಿದರು. ಶಿಬ್ಬನ್‌ಲಾಲ್ ಸಕ್ಸೇನಾ ಅವರು ಎರಡೂ ಸದನಗಳ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕೆಂದು ಕೇಳಿದ್ದರು. ಹೃದಯನಾಥ ಕುಂಜ್ರು ಅವರೂ ಆಯೋಗ ಕೇಂದ್ರ ಸರ್ಕಾರದ ಕೈಗೆ ಸಿಗುವ ಅಪಾಯ ಎತ್ತಿ ತೋರಿಸಿದ್ದರು. ಅಮೆರಿಕದಲ್ಲಿ ಅಧ್ಯಕ್ಷನ ನೇಮಕಗಳಿಗೆ ಸೆನೆಟ್ಟಿನ ಒಪ್ಪಿಗೆ ಬೇಕು ಅನ್ನುವುದನ್ನು ಅಂಬೇಡ್ಕರರು ಪ್ರಸ್ತಾಪಿಸಿದರು. ಮೂರ್ಖನನ್ನೋ, ಧೂರ್ತನನ್ನೋ, ಸರ್ಕಾರದ ಹೆಬ್ಬೆರಳಡಿ ಇರುವವನನ್ನೋ ಆ ಸ್ಥಾನಕ್ಕೆ ತರುವುದನ್ನು ತಡೆಯುವ ಏರ್ಪಾಡು ಕರಡಿನಲ್ಲಿ ಇಲ್ಲವೆಂದು ಒಪ್ಪಿಕೊಂಡರು. ರಾಷ್ಟ್ರಪತಿಗೆ ಒಂದು ನಿರ್ದೇಶನ ಪತ್ರ ಸೇರಿಸಿ ಅದರ ಮೂಲಕ ಕಟ್ಟುಹಾಕುವ ಆಲೋಚನೆ ಅವರಿಗಿತ್ತು. ಆ ಪತ್ರ ಸಂವಿಧಾನದೊಳಗೆ ಬರಲೇ ಇಲ್ಲ. ಉಳಿದದ್ದು 'ಪಾರ್ಲಿಮೆಂಟಿನ ಕಾನೂನಿಗೆ ಒಳಪಟ್ಟು' ಅನ್ನೋ ಎರಡು ಮೂರು ಪದ.

ಅಂದರೆ ಇಲ್ಲಿ ನಿಯಮ ಸಂವಿಧಾನದಿಂದ ಕಾಯಿದೆಗೆ ಇಳಿದದ್ದು 1949ರಲ್ಲೇ, ಬರೆಯುವ ಮೇಜಿನ ಮೇಲೆಯೇ. ಅಂಬೇಡ್ಕರರು ಅದನ್ನು ಮುಚ್ಚಿಡಲಿಲ್ಲ, ಬಾಯಿಬಿಟ್ಟು ಹೇಳಿದರು. ಮುಂದಿನವರು ಬುದ್ಧಿಯಿಂದ ಮುಚ್ಚಬೇಕಾದ ಕಂಡಿ ಅದು.

3

ಮುಂದಿನವರು ಏನು ಮಾಡಿದರು? 1950ರಿಂದ 2023ರವರೆಗೆ ನೇಮಕದ ಬಗ್ಗೆ ಒಂದು ಕಾನೂನೂ ಮಾಡಲಿಲ್ಲ. ಎಲ್ಲ ಬಣ್ಣದ ಸರ್ಕಾರಗಳೂ ಬಂದವು, ಹೋದವು. 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತು: ಮುಖ್ಯ ನ್ಯಾಯಮೂರ್ತಿ, ವಿರೋಧ ಪಕ್ಷದ ನಾಯಕ, ಇವರ ಜೊತೆ ಸಮಾಲೋಚಿಸಿ. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಹೇಳಿತು: ಆಯ್ಕೆ ಸಮಿತಿ ಮಾಡಿ. ಕಪಾಟು ತುಂಬಿತು, ಕೆಲಸ ಆಗಲಿಲ್ಲ. ಕಂಡಿಯಿಂದ ಲಾಭ ಪಡೆಯುವವನೇ ಕಂಡಿ ಮುಚ್ಚಬೇಕಾದವನಾದರೆ ಹೀಗೇ ಆಗೋದು.

2023ರ ಮಾರ್ಚ್ 2ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಅನೂಪ್ ಬರನ್‌ವಾಲ್ ಮೊಕದ್ದಮೆಯಲ್ಲಿ, ಪಾರ್ಲಿಮೆಂಟು ಕಾನೂನು ಮಾಡುವ ತನಕ ಪ್ರಧಾನಮಂತ್ರಿ, ಲೋಕಸಭೆಯ ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಈ ಮೂವರ ಸಮಿತಿಯ ಸಲಹೆಯಂತೆ ನೇಮಕ ನಡೆಯಲಿ ಅಂತ ತೀರ್ಪು ಕೊಟ್ಟಿತು. ಆಗ ಎಪ್ಪತ್ತಮೂರು ವರ್ಷ ಬಾರದ ಕಾನೂನು ಹತ್ತೇ ತಿಂಗಳಲ್ಲಿ ಬಂತು. ಡಿಸೆಂಬರ್ 12ಕ್ಕೆ ರಾಜ್ಯಸಭೆ, 21ಕ್ಕೆ ಲೋಕಸಭೆ, 28ಕ್ಕೆ ರಾಷ್ಟ್ರಪತಿಯ ಅಂಕಿತ. ಆ ಅಧಿವೇಶನದಲ್ಲಿ ಎರಡೂ ಸದನಗಳಿಂದ ಒಟ್ಟು 146 ಸದಸ್ಯರನ್ನು ಅಮಾನತು ಮಾಡಲಾಗಿತ್ತು.

ಹೊಸ ಕಾಯಿದೆಯಲ್ಲಿ ಸಮಿತಿ ಉಳಿಯಿತು. ಮೂರು ಕುರ್ಚಿಯೂ ಉಳಿಯಿತು. ಮುಖ್ಯ ನ್ಯಾಯಮೂರ್ತಿಯ ಕುರ್ಚಿಯಲ್ಲಿ ಮಾತ್ರ ಪ್ರಧಾನಮಂತ್ರಿಯೇ ಹೆಸರಿಸುವ ಒಬ್ಬ ಕೇಂದ್ರ ಮಂತ್ರಿ ಬಂದು ಕೂತ. ಈಗ ಮೂರರಲ್ಲಿ ಎರಡು ಸರ್ಕಾರದ್ದು. ವಿರೋಧ ಪಕ್ಷದ ನಾಯಕ ಬರಬಹುದು, ಚಹಾ ಕುಡಿಯಬಹುದು, ಭಿನ್ನಮತ ಬರೆದಿಟ್ಟು ಹೋಗಬಹುದು. ಫಲಿತಾಂಶ ಬಾಗಿಲು ತೆರೆಯುವ ಮೊದಲೇ ಗೊತ್ತು. ಅಷ್ಟೇ ಅಲ್ಲ. ಕೇಂದ್ರ ಸರ್ಕಾರದ ಕಾರ್ಯದರ್ಶಿಗೆ ಸಮನಾದ ಹುದ್ದೆಯಲ್ಲಿ ಇರುವವರು ಇಲ್ಲವೇ ಇದ್ದವರು ಮಾತ್ರ ಈ ಸ್ಥಾನಕ್ಕೆ ಅರ್ಹರು. ದಿಲ್ಲಿಯ ಆ ಮಹಡಿಯ ತನಕ ಮೆಟ್ಟಿಲು ಹತ್ತಿದವರಲ್ಲಿ ನಮ್ಮವರು ಎಷ್ಟು ಮಂದಿ ಅನ್ನೋದನ್ನು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಈ ಕಾಯಿದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. 2024ರ ಮಾರ್ಚಿನಲ್ಲಿ ಕೋರ್ಟು ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ.

ಕಾಯಿದೆಯಲ್ಲಿರುವ ನಿಯಮ ಇನ್ನೂ ಒಂದು ಮೆಟ್ಟಿಲು ಕೆಳಗೆ ಜಾರಬಹುದು ಅನ್ನೋದಕ್ಕೆ ಮಾಹಿತಿ ಹಕ್ಕಿನ ಕಾಯಿದೆಯೇ ಸಾಕ್ಷಿ. 2005ರ ಕಾಯಿದೆಯಲ್ಲಿ ಮಾಹಿತಿ ಆಯುಕ್ತರ ಅವಧಿ ಐದು ವರ್ಷ ಅಂತ ಬರೆದಿತ್ತು. 2019ರ ತಿದ್ದುಪಡಿ ಅದನ್ನು ಅಳಿಸಿ, ಕೇಂದ್ರ ಸರ್ಕಾರ ಗೊತ್ತುಪಡಿಸಿದಷ್ಟು ಕಾಲ ಅಂತ ಬರೆಯಿತು. ಅದೇ ವರ್ಷ ಬಂದ ನಿಯಮಾವಳಿ ಐದನ್ನು ಮೂರು ಮಾಡಿತು. ಸಂವಿಧಾನದಿಂದ ಕಾಯಿದೆಗೆ, ಕಾಯಿದೆಯಿಂದ ನಿಯಮಾವಳಿಗೆ, ನಿಯಮಾವಳಿಯಿಂದ ಒಂದು ಫೋನ್ ಕರೆಗೆ. ಇಳಿಜಾರು ಹೀಗಿದೆ.

4

ಹಾಗಾದರೆ ಎಲ್ಲವನ್ನೂ ಸಂವಿಧಾನದಲ್ಲಿ ಬರೆದುಬಿಟ್ಟರೆ ಆಯಿತೇ? ಇಲ್ಲಿ ಅವಸರ ಬೇಡ. ಎದುರು ವಾದದಲ್ಲೂ ಸತ್ವ ಇದೆ, ಅದನ್ನು ಕೇಳಿಸಿಕೊಳ್ಳಬೇಕು.

ಒಂದನೆಯದು: ಸಂವಿಧಾನ ಸಭೆಯನ್ನು ಆರಿಸಿದ್ದು ಎಲ್ಲ ವಯಸ್ಕರ ಮತದಿಂದಲ್ಲ, ಇವತ್ತಿನ ಪಾರ್ಲಿಮೆಂಟನ್ನು ಆರಿಸುವುದು ಎಲ್ಲರ ಮತದಿಂದ. ಸತ್ತವರ ಕೈ ಬದುಕಿರುವವರನ್ನು ಯಾಕೆ ಕಟ್ಟಬೇಕು? ಎರಡನೆಯದು: ನಮ್ಮ ಜನಕ್ಕೆ ನಿಜವಾಗಿ ಹಲ್ಲು ಕೊಟ್ಟದ್ದು ಎಷ್ಟೋ ಸಲ ಸಾಮಾನ್ಯ ಕಾಯಿದೆಗಳೇ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೆ ಪೊಲೀಸ್ ಠಾಣೆಯ ಮೇಜಿನ ಮೇಲೆ ಆ ವಿಧಿಗೆ ದನಿ ಬಂದದ್ದು 1955ರ ಮತ್ತು 1989ರ ಕಾಯಿದೆಗಳಿಂದ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ದೌರ್ಜನ್ಯ ತಡೆ ಕಾಯಿದೆಯನ್ನು ಸಡಿಲ ಮಾಡಿದಾಗ ಜನ ಏಪ್ರಿಲ್ 2ರಂದು ಬೀದಿಗಿಳಿದರು, ಪ್ರಾಣ ತೆತ್ತರು. ಆಗಸ್ಟಿನಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿ ಗಟ್ಟಿ ಮಾಡಿತು. ಸಾಮಾನ್ಯ ಕಾಯಿದೆಯಾಗಿದ್ದರಿಂದಲೇ ಅದು ನಾಲ್ಕೈದು ತಿಂಗಳಲ್ಲಿ ಆಯಿತು.

ನಮ್ಮ ಹಳ್ಳಿಯನ್ನೇ ತೆಗೆದುಕೊಳ್ಳಿ. ಅಲ್ಲಿಯ ನೇಮಕದ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೆ ಯಾವ ಸಂವಿಧಾನಕ್ಕಿಂತಲೂ ಗಟ್ಟಿಯಾಗಿತ್ತು. ಪಟೇಲನ ಮಗ ಪಟೇಲ, ಶಾನುಭೋಗನ ಮಗ ಶಾನುಭೋಗ, ತೋಟಿಯ ಮಗ ತೋಟಿ. ಈ ವಂಶಪಾರಂಪರ್ಯವನ್ನು ಮುರಿದದ್ದು ರಾಜ್ಯದ ಶಾಸನಸಭೆ ಮಾಡಿದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ. ಜಾರಿಗೆ ಬಂದದ್ದು 1963ರಲ್ಲಿ. ಬದಲಾಯಿಸಲಾಗದ ನಿಯಮ ಅಂದರೆ ಏನು ಅಂತ ತಲೆಮಾರುಗಟ್ಟಲೆ ಉಂಡವರಿಗೆ, ಬದಲಾಯಿಸುವುದು ಸುಲಭವಾಗಿರಬೇಕು ಅನ್ನೋ ಮಾತು ಹಿತವಾಗಿಯೇ ಕೇಳುತ್ತದೆ.

ಮೂರನೆಯದು: ಮೇಲಿನ ಪುಸ್ತಕಕ್ಕೆ ಏರಿಸಿದ್ದೆಲ್ಲ ನಮಗೆ ಒಳ್ಳೆಯದೇ ಅಂತಲೂ ಹೇಳೋ ಹಾಗಿಲ್ಲ. ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗ 1993ರ ಒಂದು ಕಾಯಿದೆಯಿಂದ ಹುಟ್ಟಿದ್ದು. 2018ರ 102ನೇ ತಿದ್ದುಪಡಿ ಅದನ್ನು ಸಂವಿಧಾನದೊಳಕ್ಕೆ ತಂದಿತು. ಗೌರವ ಹೆಚ್ಚಿತು ಅಂತ ಹಲವರು ಸಂತೋಷಪಟ್ಟರು. ಆದರೆ ಆ ತಿದ್ದುಪಡಿಯ ಪ್ರಕಾರ ಹಿಂದುಳಿದವರ ಪಟ್ಟಿ ಮಾಡುವ ಅಧಿಕಾರ ರಾಜ್ಯಗಳ ಕೈಯಿಂದ ಹೋಗಿ ರಾಷ್ಟ್ರಪತಿಯ ಕೈ ಸೇರಿತು ಅಂತ 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅರ್ಥೈಸಿತು. ದೇವರಾಜ ಅರಸು ಅವರ ಕಾಲದಲ್ಲಿ ಹಾವನೂರು ಆಯೋಗದ ಮೂಲಕ ತನ್ನದೇ ಲೆಕ್ಕ ತೆಗೆದ ನಮ್ಮಂಥ ರಾಜ್ಯಕ್ಕೆ ಇದು ಸಣ್ಣ ನಷ್ಟವಲ್ಲ. ಅದನ್ನು ಸರಿಮಾಡಲು ಅದೇ ವರ್ಷ 105ನೇ ತಿದ್ದುಪಡಿ ಬೇಕಾಯಿತು.

ಇನ್ನು ನ್ಯಾಯಾಲಯ ನಮ್ಮ ಪರ ನಿಲ್ಲುತ್ತದೆ ಅಂತ ಕಣ್ಣುಮುಚ್ಚಿ ನಂಬೋದೂ ಕಷ್ಟ. ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಅನ್ನೋದು ಸಂವಿಧಾನದಲ್ಲೂ ಇಲ್ಲ, ಕಾಯಿದೆಯಲ್ಲೂ ಇಲ್ಲ. 1993 ಮತ್ತು 1998ರಲ್ಲಿ ನ್ಯಾಯಮೂರ್ತಿಗಳೇ ಕೊಟ್ಟ ಅಭಿಪ್ರಾಯಗಳಿಂದ ಹುಟ್ಟಿದ್ದು. ಕೆ.ಜಿ. ಬಾಲಕೃಷ್ಣನ್ ಅವರು 2010ರಲ್ಲಿ ನಿವೃತ್ತರಾದ ಮೇಲೆ, 2019ರಲ್ಲಿ ಬಿ.ಆರ್. ಗವಾಯಿ ಅವರು ಬರುವ ತನಕ, ಒಂಬತ್ತು ವರ್ಷ ಸುಪ್ರೀಂ ಕೋರ್ಟಿನಲ್ಲಿ ಪರಿಶಿಷ್ಟ ಜಾತಿಯ ಒಬ್ಬ ನ್ಯಾಯಮೂರ್ತಿಯೂ ಇರಲಿಲ್ಲ. ಯಾವ ನಿಯಮ ಮುರಿದು ಹೀಗಾಯಿತು ಅಂತ ಕೇಳಿದರೆ ಉತ್ತರ ಇಲ್ಲ, ಯಾಕಂದರೆ ಮುರಿಯುವುದಕ್ಕೆ ನಿಯಮವೇ ಇರಲಿಲ್ಲ.

5

ಹಾಗಾದರೆ ಸತ್ಯ ಎಲ್ಲಿದೆ? ನನ್ನ ವಿಚಾರ ಇಷ್ಟು. ಎಲ್ಲ ನಿಯಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ತಪ್ಪು. ನಿಯಮಗಳಲ್ಲಿ ಎರಡು ಜಾತಿ ಇವೆ. ಬಲಹೀನನಿಗೆ ಬಲ ಕೊಡುವ ನಿಯಮ ಒಂದು, ಬಲವಂತನ ಕೈ ಕಟ್ಟುವ ನಿಯಮ ಇನ್ನೊಂದು. ಮೊದಲನೆಯದು ಬಲಹೀನನ ಕೈಗೆ ಎಟುಕುವ ಹಾಗಿರಬೇಕು. ಬೇಗ ಬೆಳೆಸುವಂತಿರಬೇಕು, ತಿದ್ದಿ ಹರಿತ ಮಾಡುವಂತಿರಬೇಕು. ಅದಕ್ಕೆ ಸಾಮಾನ್ಯ ಕಾಯಿದೆ ಒಳ್ಳೆಯ ಜಾಗ. ಎರಡನೆಯದು ಮಾತ್ರ ಯಾರನ್ನು ಕಟ್ಟುತ್ತದೋ ಅವನೊಬ್ಬನ ಕೈಗೆ ಎಟುಕಬಾರದು. ಕಟ್ಟಿಸಿಕೊಂಡವನೇ ತನ್ನ ಇಷ್ಟ ಬಂದಾಗ ಬಿಚ್ಚಿಕೊಳ್ಳಬಹುದಾದ ಹಗ್ಗ ಹಗ್ಗವಲ್ಲ, ಅಲಂಕಾರ.

ಚುನಾವಣೆ ನಡೆಸುವವನನ್ನು ಆರಿಸುವ ನಿಯಮ ಎರಡನೇ ಜಾತಿಯದು. ಅದು ಕಟ್ಟಬೇಕಾದ್ದು ಸರ್ಕಾರವನ್ನು. ಸಾಮಾನ್ಯ ಕಾಯಿದೆ ಮಾಡೋಕೆ ಹಾಜರಿರುವವರಲ್ಲಿ ಅರ್ಧಕ್ಕಿಂತ ಒಬ್ಬ ಹೆಚ್ಚಿದ್ದರೆ ಸಾಕು. ಅಷ್ಟು ಇದ್ದದ್ದರಿಂದಲೇ ಅದು ಸರ್ಕಾರವಾಗಿರುವುದು. ಹಾಗಾಗಿ ಅದು ಯಾರನ್ನೂ ಕೇಳಬೇಕಾಗಿಲ್ಲ. 368ನೇ ವಿಧಿಯಂತೆ ಸಂವಿಧಾನ ತಿದ್ದಬೇಕಾದರೆ ಪ್ರತಿ ಸದನದ ಒಟ್ಟು ಸದಸ್ಯರಲ್ಲಿ ಬಹುಮತ ಬೇಕು, ಜೊತೆಗೆ ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡು ಪಾಲು ಬೇಕು. ಆಗ ಸಾಮಾನ್ಯವಾಗಿ ಎದುರು ಬೆಂಚಿನವರ ಬಳಿ ಹೋಗಿ ಕೇಳಲೇಬೇಕು. ಎರಡು ಪುಸ್ತಕಗಳ ನಡುವಿನ ವ್ಯತ್ಯಾಸ ರಟ್ಟಿನ ಬಣ್ಣದಲ್ಲಿಲ್ಲ. ಒಂದರಲ್ಲಿ ಇನ್ನೊಬ್ಬರನ್ನು ಕೇಳಬೇಕು, ಇನ್ನೊಂದರಲ್ಲಿ ಕೇಳಬೇಕಾಗಿಲ್ಲ.

ಈ 'ಕೇಳುವುದು' ಅನ್ನೋ ಕ್ರಿಯೆಯಲ್ಲೇ ನೀತಿಯ ಬೇರು ಇದೆ. ಅಸ್ಪೃಶ್ಯತೆ ಅಂದರೆ ಮುಟ್ಟದಿರುವುದು ಮಾತ್ರವಲ್ಲ, ಕೇಳದಿರುವುದೂ ಹೌದು. ಊರಿನ ಕೆರೆ ಎಲ್ಲಿ, ಗುಡಿ ಎಲ್ಲಿ, ಹಟ್ಟಿ ಎಲ್ಲಿ, ಹೆಣ ಹೂಳುವ ಜಾಗ ಎಲ್ಲಿ ಅಂತ ತೀರ್ಮಾನವಾದಾಗ ನಮ್ಮ ಹಿರಿಯರನ್ನು ಯಾರೂ ಕೇಳಲಿಲ್ಲ. ಕೇಳದೆ ತೀರ್ಮಾನಿಸುವ ಅಭ್ಯಾಸ ಊರಿನ ಜಗಲಿಯಿಂದ ಹೊರಟು ದಿಲ್ಲಿಯ ಕಚೇರಿಗೂ ಹೋಗಬಹುದು. ಅದನ್ನು ಗುರುತಿಸುವ ಕಣ್ಣು ಬೇರೆಯವರಿಗಿಂತ ನಮಗೆ ಚುರುಕಾಗಿರಬೇಕು.

ಮೂರನೇ ಎರಡು ಪಾಲೂ ಪವಾಡವಲ್ಲ ಅನ್ನೋದು ನನಗೆ ಗೊತ್ತು. ತುರ್ತುಪರಿಸ್ಥಿತಿಯಲ್ಲಿ, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದಾಗ, 42ನೇ ತಿದ್ದುಪಡಿ ಪಾಸಾದದ್ದು ಅದೇ ಮೂರನೇ ಎರಡು ಪಾಲಿನಿಂದ. ಬರೆದದ್ದು ಮೇಲಿನ ಪುಸ್ತಕದಲ್ಲೇ ಆದರೂ ಏನು ಬರೆದಿದೆ ಅನ್ನೋದು ಮುಖ್ಯ. ನಮ್ಮದೇ ಆಯೋಗದ ಕಥೆ ನೋಡಿ. ಮೊದಲು 338ನೇ ವಿಧಿಯಲ್ಲಿ ಇದ್ದದ್ದು ಒಬ್ಬ ವಿಶೇಷ ಅಧಿಕಾರಿ. 1978ರಲ್ಲಿ ಬರೀ ಒಂದು ಸರ್ಕಾರಿ ನಿರ್ಣಯದಿಂದ ಭೋಲಾ ಪಾಸ್ವಾನ್ ಶಾಸ್ತ್ರಿಯವರ ಅಧ್ಯಕ್ಷತೆಯಲ್ಲಿ ಹಲವು ಸದಸ್ಯರ ಆಯೋಗ ಬಂತು. 1990ರ 65ನೇ ತಿದ್ದುಪಡಿ ಅದನ್ನು ಸಂವಿಧಾನಕ್ಕೆ ಏರಿಸಿತು. 2003ರ 89ನೇ ತಿದ್ದುಪಡಿ ಪರಿಶಿಷ್ಟ ಜಾತಿಗೊಂದು, ಪಂಗಡಕ್ಕೊಂದು ಆಯೋಗ ಮಾಡಿತು. ಏರಿದ್ದು ಸರಿ. ಆದರೆ ಅಧ್ಯಕ್ಷರನ್ನು ಯಾರು ಸೇರಿ ಆರಿಸಬೇಕು, ಸ್ಥಾನ ಖಾಲಿಯಾದರೆ ಎಷ್ಟು ದಿನದಲ್ಲಿ ತುಂಬಬೇಕು ಅನ್ನೋದು ಆ ವಿಧಿಯಲ್ಲಿ ಇವತ್ತಿಗೂ ಇಲ್ಲ. ಅವಧಿಯನ್ನು ಗೊತ್ತುಮಾಡುವುದೂ ರಾಷ್ಟ್ರಪತಿಯ ನಿಯಮ, ಅಂದರೆ ಸರ್ಕಾರದ ನಿಯಮ. ದೌರ್ಜನ್ಯಕ್ಕೆ ಸರ್ಕಾರವನ್ನು ಪ್ರಶ್ನಿಸಬೇಕಾದವರನ್ನು ಸರ್ಕಾರವೇ ಒಂಟಿಯಾಗಿ ಆರಿಸುತ್ತದೆ. ಮನೆ ಗಟ್ಟಿ, ಬಾಗಿಲು ಮಾತ್ರ ಇಲ್ಲ.

6

ಆದ್ದರಿಂದ ನಮ್ಮ ಬೇಡಿಕೆ 'ಎಲ್ಲ ಸಂವಿಧಾನದಲ್ಲಿರಲಿ' ಅಂತಲೂ ಅಲ್ಲ, 'ಪಾರ್ಲಿಮೆಂಟು ನೋಡಿಕೊಳ್ಳಲಿ' ಅಂತಲೂ ಅಲ್ಲ. ತಿರುಳು ಮೇಲಿರಲಿ, ವಿವರ ಕೆಳಗಿರಲಿ. ಆಯ್ಕೆ ಸಮಿತಿಯಲ್ಲಿ ಸರ್ಕಾರದವರೇ ಹೆಚ್ಚಿರಬಾರದು. ಖಾಲಿ ಕುರ್ಚಿ ತುಂಬಲು ಗಡುವು ಇರಬೇಕು. ಯಾಕೆ ಇವರನ್ನೇ ಆರಿಸಿದಿರಿ ಅನ್ನೋದಕ್ಕೆ ಬರೆದ ಕಾರಣ ಜನರ ಮುಂದೆ ಬರಬೇಕು. ಶತಮಾನಗಳ ಕಾಲ ಹೊರಗಿಟ್ಟ ಸಮುದಾಯಗಳಿಂದ ಆಯ್ಕೆಯಾಗಬೇಕು. ಈ ನಾಲ್ಕು ಸಂವಿಧಾನದಲ್ಲಿ ಬರಲಿ. ಅರ್ಜಿ ಹೇಗೆ, ಸಂಬಳ ಎಷ್ಟು, ಕಚೇರಿ ಎಲ್ಲಿ ಅನ್ನೋದು ಕಾಯಿದೆಗೆ ಇರಲಿ.

ಇಷ್ಟು ಬರೆದರೂ ಕೆಲಸ ಮುಗಿಯದು. 1949ರ ನವೆಂಬರ್ 25ರಂದು ಅಂಬೇಡ್ಕರರು ಎಚ್ಚರಿಸಿದ ಹಾಗೆ, ನಡೆಸುವವರು ಕೆಟ್ಟರೆ ಒಳ್ಳೆಯ ಸಂವಿಧಾನವೂ ಕೆಡುತ್ತದೆ. ಸಾಂವಿಧಾನಿಕ ನೈತಿಕತೆಯನ್ನು ಬೆಳೆಸಬೇಕು ಅಂತ ಅವರು ಹೇಳಿದ್ದು ಪಾರ್ಲಿಮೆಂಟಿನವರಿಗೆ ಮಾತ್ರ ಅಲ್ಲ. ಅದು ಬೆಳೆಯಬೇಕಾದ್ದು ಹಾಸ್ಟೆಲಿನ ಕೋಣೆಯಲ್ಲಿ, ಹಳ್ಳಿ ಶಾಲೆಯ ಕರಿಹಲಗೆಯ ಮುಂದೆ, ಸಂಘದ ಸಭೆಯಲ್ಲಿ. ನಮ್ಮ ಸಂಘದ ಅಧ್ಯಕ್ಷನನ್ನು ನಾವು ಹೇಗೆ ಆರಿಸುತ್ತೇವೆ, ನಿಯಮವನ್ನು ಯಾರು ಯಾವಾಗ ಬದಲಿಸುತ್ತಾರೆ, ಹೆಣ್ಣುಮಕ್ಕಳನ್ನು ಕೇಳುತ್ತೇವೋ ಇಲ್ಲವೋ - ಇಲ್ಲಿಂದಲೇ ಶುರು.

ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಮುಂದಿನ ಸಲ ಪತ್ರಿಕೆಯಲ್ಲಿ 'ರಾಷ್ಟ್ರಪತಿಯವರು ಇಂಥವರನ್ನು ನೇಮಿಸಿದ್ದಾರೆ' ಅಂತ ಎರಡು ಸಾಲಿನ ಸುದ್ದಿ ಬಂದಾಗ ಹಾಳೆ ಮಗುಚಬೇಡಿ. ಆ ಹೆಸರನ್ನು ಮುಂದಿಟ್ಟವರು ಯಾರು? ಯಾರನ್ನು ಕೇಳಿದರು? ಯಾರನ್ನು ಕೇಳಲಿಲ್ಲ? ಕೇಳದೇ ಇರೋಕೆ ಯಾವ ಪುಸ್ತಕ ಅವರಿಗೆ ಅವಕಾಶ ಕೊಟ್ಟಿತು? ಈ ನಾಲ್ಕು ಪ್ರಶ್ನೆಗಳನ್ನು ಕರಿಹಲಗೆಯ ಮೇಲೆ ಬರೆಯಿರಿ, ಮಕ್ಕಳಿಂದ ಉತ್ತರ ಹುಡುಕಿಸಿ.